ಸಿದ್ದಾಪುರದಲ್ಲಿ ಕಂಡ ಕಾಯಕ: ಕಡಿದ ತಂತಿ, ಕಾಣುವ ಬೆಸುಗೆ

ಸಿದ್ದಾಪುರವೆಂದೊಡನೆ ನಮ್ಮ ನಾಡಿನ ಬಹುಮಂದಿಗೆ ಉತ್ತರ ಕನ್ನಡ ಜಿಲ್ಲೆಯ ತಾಲ್ಲೂಕು ಕೇಂದ್ರವೇ ನೆನಪಿಗೆ ಬರುವುದು. ಅದೇ ಹೆಸರಿನ ಊರುಗಳು ಕರ್ನಾಟಕದಲ್ಲಿ ಇನ್ನೂ ಹಲವಿವೆ. ನಾವು ಈ ಬಾರಿ ಹೋಗಿಬಂದದ್ದು ಕೊಡಗಿನ ಸಿದ್ದಾಪುರಕ್ಕೆ. ಕಾವೇರಿಯ ದಂಡೆಯಲ್ಲಿ, ಕಾಫಿ ತೋಟಗಳ ನಡುವೆ, ಕಾಡಾನೆಗಳ ಹಾದಿಯಲ್ಲಿರುವ ಊರು ಅದು. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಅದರ ಹೆಸರು ಕಾಣುವುದು ಅಪರೂಪ. ಆದರೂ ಅಲ್ಲಿ ಕಳೆದ ಮೂರು ದಿನಗಳಲ್ಲಿ ನಾವು ಕಲಿತದ್ದನ್ನು ನಮ್ಮ ಪತ್ರಿಕೆಯ ಶರಣ ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ಮನಸ್ಸಾಯಿತು.

ಮಹಾಶಿವರಾತ್ರಿಯ ಮರುವಾರ ನಮ್ಮ ಅಕ್ಕನ ಮಗಳ ಮನೆಗೆ ಹೊರಟೆವು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿ, ರಜೆಗೆಂದು ಬಂದಿದ್ದ ನಮ್ಮ ತಮ್ಮನ ಮಗನೂ ಜೊತೆಗಿದ್ದನು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ದಾಟಿ ಕುಶಾಲನಗರ ತಲುಪುವವರೆಗೆ ಬಯಲು ಸೀಮೆಯ ಬಿಸಿಲು. ಗುಡ್ಡೆಹೊಸೂರಿನಲ್ಲಿ ಎಡಕ್ಕೆ ಹೊರಳಿ ನಂಜರಾಯಪಟ್ಟಣದ ದಾರಿ ಹಿಡಿದ ಮೇಲೆ ನೆರಳು ದಟ್ಟವಾಗುತ್ತದೆ. ದುಬಾರೆಯ ಆನೆ ಶಿಬಿರಕ್ಕೆ ಹೋಗುವವರು ಅಲ್ಲಿಯೇ ಇಳಿಯುವರು. ಮುಂದೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಗಳು, ಅವುಗಳ ಕೆಳಗೆ ಸಾಲುಗಟ್ಟಿದ ರೊಬಸ್ಟಾ ಕಾಫಿ ಗಿಡಗಳು. ನೆಲ್ಯಹುದಿಕೇರಿಯಲ್ಲಿ ಕಾವೇರಿಯ ಸೇತುವೆ ದಾಟಿದರೆ ಸಿದ್ದಾಪುರ.

ಊರು ಮತ್ತು ನದಿ

ಸಿದ್ದಾಪುರದ ಪೇಟೆ ದೊಡ್ಡದಲ್ಲ. ಆದರೆ ಸುತ್ತಣ ತೋಟಗಳ ಬದುಕೆಲ್ಲವೂ ಅಲ್ಲಿಗೆ ಬಂದು ಸೇರುತ್ತದೆ. ಒಂದೇ ಅಂಗಡಿಯ ಮುಂದೆ ಕನ್ನಡ, ಕೊಡವ ತಕ್ಕ್, ಮಲಯಾಳ, ತಮಿಳು, ತುಳು ಮಾತುಗಳು ಕಿವಿಗೆ ಬೀಳುತ್ತವೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದಲೂ ಬಂಗಾಳದಿಂದಲೂ ಬಂದ ತೋಟದ ಕಾರ್ಮಿಕರ ಮಾತು ಅದಕ್ಕೆ ಕೂಡಿದೆ. ಸಮೀಪದ ಗುಹ್ಯದಲ್ಲಿ ನದಿಯ ದಂಡೆಯ ಮೇಲೆ ಅಗಸ್ತ್ಯೇಶ್ವರನ ಗುಡಿಯಿದೆ. ಒಂದು ದಾರಿ ಮಾಲ್ದಾರೆಯ ಕಾಡಿನ ಕಡೆಗೂ, ಇನ್ನೊಂದು ಅಮ್ಮತ್ತಿಯ ಮೂಲಕ ವಿರಾಜಪೇಟೆಗೂ ಹೋಗುತ್ತದೆ.

ವಿರಾಜಪೇಟೆ ಎಂದರೆ ನಮ್ಮವರಿಗೆ ಅನ್ಯವಾದ ಊರಲ್ಲ. ಹಾಲೇರಿ ವಂಶದ ದೊಡ್ಡವೀರರಾಜೇಂದ್ರನ ಹೆಸರಿನ ವೀರರಾಜೇಂದ್ರಪೇಟೆಯೇ ಅದು. ಜಂಗಮ ವೇಷದಲ್ಲಿ ಬಂದು ಹಾಲೇರಿಯಲ್ಲಿ ನೆಲೆಯೂರಿದ ಮೂಲಪುರುಷನಿಂದ ಮೊದಲ್ಗೊಂಡು 1834ರವರೆಗೆ ಕೊಡಗನ್ನಾಳಿದ ಅರಸರು ವೀರಶೈವ ಲಿಂಗಾಯತರು. 1820ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನೂ, ಅಲ್ಲಿಯ ರಾಜರ ಗದ್ದುಗೆಗಳನ್ನೂ ನೋಡದೆ ಕೊಡಗಿನಿಂದ ಮರಳುವ ಭಕ್ತರು ವಿರಳ. ವಿರಾಜಪೇಟೆಯ ಬಳಿಯ ಅರಮೇರಿ ಕಳಂಚೇರಿ ಮಠಕ್ಕೆ ನಾವು ಹಿಂತಿರುಗುವಾಗ ಹೋಗಿ ಬಂದೆವು. ಅಲ್ಪಸಂಖ್ಯೆಯಲ್ಲಿ ಚದುರಿಕೊಂಡಿರುವ ನಮ್ಮ ಮನೆಗಳಿಗೆ ಇಂಥ ಮಠಗಳೇ ಆಸರೆ.

ನದಿಯ ವಿಷಯ ಹೇಳದೆ ಈ ಊರಿನ ವರ್ಣನೆ ಪೂರ್ಣವಾಗದು. ನಾವು ಕಂಡಾಗ ಕಾವೇರಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. 2019ರ ಆಗಸ್ಟಿನಲ್ಲಿ ಇದೇ ನದಿ ಕರಡಿಗೋಡು ಮತ್ತು ನೆಲ್ಯಹುದಿಕೇರಿಯ ದಂಡೆಯ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು, ದಿನಗಟ್ಟಲೆ ಕತ್ತಲೆಯಲ್ಲಿ ಇರುವುದು ಇಲ್ಲಿಯವರಿಗೆ ಹೊಸದಲ್ಲ. ಕಡಿದ ತಂತಿಯನ್ನು ಮತ್ತೆ ಕೂಡಿಸುವ ಕೆಲಸ ಇಲ್ಲಿ ಒಂದು ನಿತ್ಯ ಕಾಯಕವೇ ಆಗಿದೆ ಎಂಬುದು ನಮಗೆ ಮರುದಿನ ಬೆಳಗ್ಗೆ ಅರಿವಾಯಿತು.

ಹೂವಿನ ನೀರು

ನಮ್ಮ ಅಳಿಯಂದಿರದು ದೊಡ್ಡ ಎಸ್ಟೇಟಲ್ಲ, ಎಂಟು ಎಕರೆಯ ತೋಟ. ತಗ್ಗಿನಲ್ಲಿ ಒಂದು ಕೆರೆ, ಅದರ ಬದಿಯಲ್ಲಿ ಪಂಪು, ಅಲ್ಲಿಂದ ಮೇಲಕ್ಕೆ ತುಂತುರು ನೀರಾವರಿಯ ಪೈಪುಗಳು. ರೊಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಒಂದು ಒಳ್ಳೆಯ ಮಳೆ ಬೀಳಬೇಕು. ಒಣಗಿ ನಿಂತ ಮೊಗ್ಗುಗಳು ಆ ನೀರು ಕುಡಿದು, ವಾರ ಹತ್ತು ದಿನಗಳಲ್ಲಿ ಒಮ್ಮೆಗೇ ಅರಳುತ್ತವೆ. ಅದನ್ನು ಹೂಮಳೆ ಎಂದು ಕರೆಯುವರು. ಮಳೆ ಬಾರದಿದ್ದರೆ ತೋಟದವರೇ ನೀರು ಹಾಯಿಸಬೇಕು. ನೀರು ತಡವಾದರೆ ಮೊಗ್ಗು ಕರಗಿ ಹೋಗುತ್ತದೆ. ವರ್ಷದ ಗಳಿಕೆಯು ಆ ಕೆಲವು ದಿನಗಳ ಮೇಲೆ ನಿಂತಿರುತ್ತದೆ.

ನಾವು ಹೋದ ದಿನ ಅರ್ಧ ತೋಟಕ್ಕೆ ನೀರಾಗಿತ್ತು, ಇನ್ನರ್ಧ ಕಾಯುತ್ತಿತ್ತು. ಆ ರಾತ್ರಿ ಮೂರು ಗಂಟೆಯ ಹೊತ್ತಿಗೆ ಮರ ಮುರಿದ ಸದ್ದಾಯಿತು. ಅಳಿಯಂದಿರು ಕಿಟಕಿಯ ಬಳಿ ನಿಂತು, "ಯಾರೂ ಹೊರಗೆ ಬರಬೇಡಿ, ಮಾವನವರೇ. ಬಂದಿದ್ದಾವೆ" ಎಂದು ಮೆಲ್ಲಗೆ ಹೇಳಿದರು. ಯಾವುದು ಬಂದಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಕಾಡಿನ ಕೆರೆಗಳು ಬತ್ತಿದಾಗ ಆನೆಗಳು ತೋಟದ ಕೆರೆಗಳಿಗೆ ಇಳಿಯುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಿಯೂ ಬರುತ್ತವೆ. ಕೆಲವು ಗುಂಪುಗಳು ಕಾಡಿಗೆ ಮರಳದೆ ತೋಟಗಳಲ್ಲಿಯೇ ಉಳಿದುಬಿಟ್ಟಿವೆ. ಈ ಭಾಗದಲ್ಲಿ ಆನೆಯ ತುಳಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟ ಕೂಲಿಕಾರರ ಮನೆಗಳು ಹಲವು.

ಬೆಳಕು ಹರಿದ ಮೇಲೆ ನೋಡಿದರೆ ಒಂದು ಸಿಲ್ವರ್ ಓಕ್ ಮರ ಸೋಲಾರ್ ಬೇಲಿಯ ಮೇಲೆ ಒರಗಿತ್ತು. ಕೆರೆಯ ದಾರಿಯುದ್ದಕ್ಕೂ ಬೋಗುಣಿಯಷ್ಟು ದೊಡ್ಡ ಹೆಜ್ಜೆಗುರುತುಗಳು. ಪಂಪಿಗೆ ಹೋಗುವ ಕರಿಯ ಕೇಬಲ್ ಒಂದು ಕಡೆ ಮಣ್ಣಿನಲ್ಲಿ ಹೂತು ಜಜ್ಜಿಹೋಗಿತ್ತು. ಅಳಿಯಂದಿರು ಸ್ಟಾರ್ಟರಿನ ಗುಂಡಿ ಒತ್ತಿದರು. ಮೋಟಾರು ತಿರುಗದೆ ಗುಂಯ್ ಎಂದು ನರಳಿತು. ಅವರು ಕೂಡಲೇ ನಿಲ್ಲಿಸಿದರು. ಮೂರು ಫೇಸುಗಳಲ್ಲಿ ಒಂದು ಕಡಿದಾಗ ಮೋಟಾರು ಹೀಗೆ ನರಳುತ್ತದೆ. ಹಾಗೆಯೇ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಒಳಗಿನ ಸುರುಳಿ ಸುಟ್ಟುಹೋಗುತ್ತದೆ.

ಕಾಕಾ ಬಂದರು

ಪೇಟೆಯಲ್ಲಿ ಒಂದು ಸಣ್ಣ ರಿಪೇರಿ ಅಂಗಡಿಯಿದೆ. ಅದನ್ನು ನಡೆಸುವ ಹಿರಿಯರು ಮಲಬಾರಿನ ಕಡೆಯಿಂದ ಬಂದ ಮನೆತನದವರು. ಊರೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಪಂಪು, ಬ್ಯಾಟರಿ, ಬೇಲಿ, ಎಮರ್ಜೆನ್ಸಿ ದೀಪ, ಏನು ಕೆಟ್ಟರೂ ಅವರಲ್ಲಿಗೇ. ಎಂಟು ಗಂಟೆಗೆಲ್ಲ ಹಳೆಯ ಸ್ಕೂಟರಿನಲ್ಲಿ ಬಂದರು. ಕೇಬಲನ್ನು ಮುಟ್ಟುವ ಮೊದಲು ಮೀಟರ್ ಪೆಟ್ಟಿಗೆಯ ಬಳಿಗೆ ಹೋಗಿ ಮೈನ್ ಸ್ವಿಚ್ ಕೆಳಗೆ ಮಾಡಿ, ಮೂರು ಫ್ಯೂಸುಗಳನ್ನೂ ಕಿತ್ತು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಏಕೆಂದು ಕೇಳಿದೆವು.

"ನಾನು ಅಲ್ಲಿ ಕೆಳಗೆ ಕೂತಿರ್ತೇನೆ ಸ್ವಾಮಿ. ಇಲ್ಲಿ ಯಾರಾದರೂ ಬಂದು, ಕರೆಂಟ್ ಯಾಕಿಲ್ಲ ಅಂತ ಸ್ವಿಚ್ ಹಾಕಿದರೆ? ಫ್ಯೂಸ್ ನನ್ನ ಜೇಬಲ್ಲಿದ್ದರೆ ನನ್ನ ಜೀವ ನನ್ನ ಹತ್ತಿರವೇ ಇರ್ತದೆ" ಎಂದರು.

ನಾವೆಲ್ಲರೂ ಆನೆ ತುಳಿದ ಜಾಗಕ್ಕೆ ಅವರನ್ನು ಕರೆದೊಯ್ದೆವು. ಹೊದಿಕೆ ಜಜ್ಜಿತ್ತು. ಅಲ್ಲಿಯೇ ಕತ್ತರಿಸಿ ಕೂಡಿಸುವರೆಂದು ನಾವು ಭಾವಿಸಿದೆವು. ಅವರು ಕತ್ತರಿಸಲಿಲ್ಲ. ಕೇಬಲಿನ ಎರಡು ತುದಿಗಳನ್ನೂ ಬಿಚ್ಚಿ, ಮೀಟರಿನಿಂದ ಒಂದೊಂದೇ ಎಳೆಯನ್ನು ಪರೀಕ್ಷಿಸಿದರು. ಕೆಂಪು ಸರಿಯಿತ್ತು, ನೀಲಿ ಸರಿಯಿತ್ತು, ಹಳದಿ ಕಡಿದಿತ್ತು. ಬಳಿಕ ಜಜ್ಜಿದ ಭಾಗದ ಹೊದಿಕೆಯನ್ನು ಚಾಕುವಿನಿಂದ ಮೆಲ್ಲನೆ ಸೀಳಿ ನೋಡಿದರೆ ಒಳಗೆ ಮೂರು ಎಳೆಗಳೂ ಅಖಂಡವಾಗಿದ್ದವು. ಹಾಗಾದರೆ ಕಡಿದಿರುವುದು ಬೇರೆಲ್ಲಿಯೋ.

"ಹಳೇ ಜಾಯಿಂಟ್ ಎಲ್ಲುಂಟು ಸಾರ್?" ಎಂದು ಅಳಿಯಂದಿರನ್ನು ಕೇಳಿದರು.

ಅಳಿಯಂದಿರು ಕ್ಷಣಕಾಲ ಸುಮ್ಮನಿದ್ದರು. ಆಮೇಲೆ ಹತ್ತು ಹೆಜ್ಜೆ ಆಚೆ, ಕಾಲುದಾರಿಯ ಅಂಚಿನಲ್ಲಿ, ಒಣಗಿದ ಎಲೆಗಳನ್ನು ಸರಿಸಿ ತೋರಿಸಿದರು. ಹಿಂದಿನ ವರ್ಷ ಹೆಗ್ಗಣ ಕಡಿದ ಜಾಗವನ್ನು ಅವಸರದಲ್ಲಿ ತಾವೇ ತಿರುಚಿ, ಟೇಪು ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ಮಣ್ಣು ಮುಚ್ಚಿದ್ದರಂತೆ. ನೀರು ಹಾಯಿಸುವ ಗಡಿಬಿಡಿಯಲ್ಲಿ ಅದು ಮರೆತೇ ಹೋಗಿತ್ತು. ಚೀಲ ಬಿಚ್ಚಿದಾಗ ಅದರೊಳಗಿಂದ ನೀರು ಸುರಿಯಿತು. ಹೊರಗಿನ ನೀರನ್ನು ತಡೆಯಲೆಂದು ಕಟ್ಟಿದ ಚೀಲ ಒಳಹೊಕ್ಕ ನೀರನ್ನು ಹಿಡಿದಿಟ್ಟುಕೊಂಡಿತ್ತು. ತಾಮ್ರ ಹಸಿರುಗಟ್ಟಿ, ಹಳದಿ ಎಳೆ ಬೂದಿಯಂತೆ ಉದುರಿತು. ಆನೆಯ ಹೆಜ್ಜೆಯಿಂದ ಕೇಬಲ್ ಜಗ್ಗಿದ್ದು ನೆಪಮಾತ್ರ. ಕೇಬಲ್ ಸತ್ತದ್ದು ವರ್ಷದ ಹಿಂದೆಯೇ.

ಕಾಕಾ ಮೋಟಾರಿನ ಚಿಂತೆ ಮಾಡಲಿಲ್ಲ. ಸುತ್ತಲಿನ ನೆಲವನ್ನು ಮುಟ್ಟಿ ನೋಡಿದರು. ತುಂತುರು ನೀರಿನಿಂದ ನೆಲ ತೇವವಾಗಿತ್ತು. "ಈ ದಾರಿಯಲ್ಲಿ ಯಾರು ನಡೀತಾರೆ?" ಎಂದರು. ಲೈನ್ ಮನೆಯ ಮಕ್ಕಳು ಬೆಳಗ್ಗೆ ಶಾಲೆಗೆ ಹೋಗುವುದು ಅದೇ ದಾರಿಯಲ್ಲಿ. ಪಂಪು ಓಡುತ್ತಿದ್ದ ಹೊತ್ತಿನಲ್ಲಿ ಆ ಒದ್ದೆ ನೆಲದ ಮೇಲೆ ಬರಿಗಾಲಿನ ಮಗುವೊಂದು ಕಾಲಿಟ್ಟಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಮ್ಮ ಅಕ್ಕನ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಳಿಯಂದಿರ ಮುಖ ನೋಡಲು ನಮಗೆ ಧೈರ್ಯವಾಗಲಿಲ್ಲ.

ಬೆಸುಗೆಯ ಕ್ರಮ

ಮುಂದಿನ ಎರಡು ಗಂಟೆಗಳ ಕೆಲಸವನ್ನು ನಾವು ಪಕ್ಕದಲ್ಲಿಯೇ ಕುಳಿತು ನೋಡಿದೆವು. ಗೃಹಸ್ಥರಿಗೆ ತಿಳಿದಿರಬೇಕಾದ ವಿಷಯವಾದುದರಿಂದ ಇಲ್ಲಿ ವಿವರಿಸುತ್ತೇವೆ.

ಮೊದಲು ಕೊಳೆತ ಭಾಗವನ್ನು ಎರಡು ಕಡೆಯೂ ಧಾರಾಳವಾಗಿ ಕತ್ತರಿಸಿ ಎಸೆದರು. ತಾಮ್ರ ಕಪ್ಪಾಗಿರುವವರೆಗೂ ಕತ್ತರಿಸುತ್ತಲೇ ಹೋದರು. ಹೊಳೆಯುವ ತಾಮ್ರ ಸಿಕ್ಕ ಮೇಲೆ ನಿಲ್ಲಿಸಿದರು. ನೀರು ಹೊದಿಕೆಯೊಳಗೆ ಎಳೆಗಳ ಸಂದಿನಲ್ಲಿ ಬಹುದೂರ ಏರಿರುತ್ತದೆಯಂತೆ. ಆಸೆಪಟ್ಟು ಒಂದು ಗೇಣು ಉಳಿಸಿಕೊಂಡರೆ ಕೊಳೆತವೂ ಅದರ ಜೊತೆಯಲ್ಲಿಯೇ ಉಳಿಯುತ್ತದೆ.

ಎರಡನೆಯದಾಗಿ, ಮೂರು ಎಳೆಗಳನ್ನೂ ಒಂದೇ ಅಳತೆಗೆ ಕತ್ತರಿಸಲಿಲ್ಲ. ಒಂದು ಗಿಡ್ಡ, ಒಂದು ಮಧ್ಯಮ, ಒಂದು ಉದ್ದ. ಎದುರಿನ ತುದಿಯಲ್ಲಿ ಅದಕ್ಕೆ ಹೊಂದುವಂತೆ ತಿರುವುಮುರುವಾಗಿ. ಹೀಗೆ ಮಾಡಿದರೆ ಮೂರು ಬೆಸುಗೆಗಳು ಪಕ್ಕಪಕ್ಕದಲ್ಲಿ ಬರುವುದಿಲ್ಲ. ಒಂದರ ಟೇಪು ಬಿಚ್ಚಿಕೊಂಡರೂ ಇನ್ನೊಂದಕ್ಕೆ ತಾಗುವುದಿಲ್ಲ, ಬೆಸೆದ ಜಾಗ ಗಂಟಿನಂತೆ ಉಬ್ಬುವುದೂ ಇಲ್ಲ.

ಮೂರನೆಯದಾಗಿ, ಮರಳು ಕಾಗದದಿಂದ ತಾಮ್ರದ ಎಳೆಗಳನ್ನು ಉಜ್ಜಿ, ತಾಮ್ರದ ಪುಟ್ಟ ಕೊಳವೆಯೊಳಗೆ ಎರಡು ಕಡೆಯಿಂದಲೂ ತೂರಿಸಿ ಇಕ್ಕಳದಿಂದ ಬಲವಾಗಿ ಒತ್ತಿದರು. ಒತ್ತಿದ ಮೇಲೆ ಎರಡು ಕೈಗಳಿಂದ ಜಗ್ಗಿ ನೋಡಿದರು. ಜಗ್ಗಿದಾಗ ಜಾರುವುದು ಬೆಸುಗೆಯಲ್ಲವೆಂದರು. ಅನಂತರ ಪ್ರತಿಯೊಂದು ಎಳೆಗೂ ಬೇರೆ ಬೇರೆಯಾಗಿ ರಬ್ಬರ್ ಟೇಪನ್ನು ಎಳೆದು ಎಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತಿದರು. ಈ ಟೇಪಿಗೆ ಅಂಟಿಲ್ಲ. ಎಳೆದು ಸುತ್ತಿದಾಗ ತನ್ನಲ್ಲಿಯೇ ತಾನು ಬೆರೆತು ಒಂದೇ ತುಂಡಾಗುತ್ತದೆ. ನಾವು ಮನೆಯಲ್ಲಿ ಬಳಸುವ ಕರಿಯ ಟೇಪು ಅದರ ಮೇಲಿನ ಕವಚ ಮಾತ್ರ. ಅದೊಂದೇ ನೀರನ್ನು ತಡೆಯಲಾರದು.

ಕಡೆಯದಾಗಿ ಪರೀಕ್ಷೆ. ಬಕೆಟ್ಟಿನಲ್ಲಿ ನೀರು ತುಂಬಿ, ಬೆಸೆದ ಭಾಗವನ್ನು ಅದರಲ್ಲಿ ಮುಳುಗಿಸಿಟ್ಟರು. ಕಾಫಿ ಕುಡಿಯುವಷ್ಟು ಹೊತ್ತು ಕಳೆದ ಮೇಲೆ ಮೆಗ್ಗರ್ ಎಂಬ ಉಪಕರಣದಿಂದ ಅಳೆದರು. ಪ್ರತಿ ಎಳೆಗೂ ನೀರಿಗೂ ನಡುವೆ ಕರೆಂಟ್ ಸೋರುತ್ತಿದೆಯೇ ಎಂಬುದನ್ನು ಅದು ತೋರಿಸುತ್ತದೆ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಆನೆ ಜಜ್ಜಿದ ಭಾಗವನ್ನೂ ಹಾಗೆಯೇ ಟೇಪು ಸುತ್ತಿ ಪರೀಕ್ಷಿಸಿದರು.

ನಮ್ಮ ಮನಸ್ಸಿನಲ್ಲಿ ನಿಂತದ್ದು ಅದರ ಮೇಲಿನ ಕೆಲಸ. ಬೆಸೆದ ಜಾಗವನ್ನು ಮಣ್ಣಿನಲ್ಲಿ ಹೂಳಲಿಲ್ಲ. ಕವೆಗೋಲು ನೆಟ್ಟು, ನೆಲದಿಂದ ಮೇಲೆ ಅದನ್ನು ಕಾಣುವಂತೆ ಕಟ್ಟಿ, ಕೋಲಿಗೆ ಕೆಂಪು ಬಟ್ಟೆಯ ತುಂಡೊಂದನ್ನು ಬಿಗಿದರು. ಟೇಪಿನ ಮೇಲೆ ಆ ದಿನದ ತಾರೀಖು ಬರೆದರು. "ಜಾಯಿಂಟ್ ಮಾಡುವುದು ತಪ್ಪಲ್ಲ ಸಾರ್. ಅಡಗಿಸಿಡುವುದು ತಪ್ಪು. ನಾಳೆ ನಾನಿಲ್ಲದಿದ್ದರೂ ಮುಂದೆ ಬರುವವನಿಗೆ ಇದು ಕಾಣಬೇಕು" ಎಂದರು.

ಬೇಲಿಯ ತಂತಿ

ಮಧ್ಯಾಹ್ನದ ಊಟವಾದ ಮೇಲೆ ಬೇಲಿಯ ಸರದಿ. ಸೋಲಾರ್ ಬೇಲಿಯ ಬಗೆಗೆ ನಮ್ಮಲ್ಲಿ ಅನೇಕರಿಗೆ ತಪ್ಪು ತಿಳುವಳಿಕೆಯಿದೆ. ಅದರ ಯಂತ್ರ 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತದೆ. ಹಗಲಿನಲ್ಲಿ ಸೂರ್ಯನ ಫಲಕ ಆ ಬ್ಯಾಟರಿಯನ್ನು ತುಂಬುತ್ತದೆ. ಯಂತ್ರವು ಸುಮಾರು ಸೆಕೆಂಡಿಗೊಮ್ಮೆ ಹಲವು ಸಾವಿರ ವೋಲ್ಟುಗಳ ಒಂದು ಮಿಡಿತವನ್ನು ತಂತಿಗೆ ಕಳಿಸುತ್ತದೆ. ಮಿಡಿತ ಇರುವುದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಮುಟ್ಟಿದ ಪ್ರಾಣಿಗೆ ಸುತ್ತಿಗೆಯಿಂದ ಹೊಡೆದಂತಾಗುತ್ತದೆ. ಆದರೆ ಎರಡು ಮಿಡಿತಗಳ ನಡುವೆ ಬಿಡಿಸಿಕೊಂಡು ಓಡಲು ಅವಕಾಶವಿರುತ್ತದೆ. ಹೆದರಿಸುವುದೇ ಅದರ ಉದ್ದೇಶ.

ಮನೆಯ 230 ವೋಲ್ಟಿನ ಕರೆಂಟ್ ಹಾಗಲ್ಲ. ಅದು ನಿರಂತರವಾಗಿ ಹರಿಯುತ್ತದೆ, ಹಿಡಿದ ಕೈಯನ್ನು ಬಿಡಗೊಡದು. ಬೇಲಿ ಕೆಟ್ಟಾಗ ಕೋಪದಿಂದಲೋ ಹತಾಶೆಯಿಂದಲೋ ಮನೆಯ ಲೈನನ್ನೇ ಬೇಲಿಗೆ ಕೊಟ್ಟವರಿದ್ದಾರೆ. ಅದರಿಂದ ಆನೆಗಳು ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ. ಆನೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಕೊಂದವನಿಗೆ ಸೆರೆಮನೆ ತಪ್ಪದು. ಅದಕ್ಕೂ ಮಿಗಿಲಾಗಿ, ದಯೆಯನ್ನೇ ಧರ್ಮದ ಮೂಲವೆಂದು ನಂಬಿದ ನಾವು ಅಂಥ ಯೋಚನೆಯನ್ನೂ ಹತ್ತಿರ ಸೇರಿಸಬಾರದು. ಅಳಿಯಂದಿರು ಅಂದು ಬೆಳಗ್ಗೆ, ಬಿದ್ದ ಬೇಲಿಯನ್ನು ನೋಡಿದ ಕ್ಷಣದಲ್ಲಿ, ಅದೇ ಮಾತನ್ನು ಆಡಿಬಿಟ್ಟಿದ್ದರು. ಕೇಬಲಿನ ಕಥೆ ಕಂಡ ಮೇಲೆ ಮತ್ತೆ ಆಡಲಿಲ್ಲ.

ಆನೆ ಬುದ್ಧಿವಂತ ಪ್ರಾಣಿ. ದಂತಕ್ಕೆ ಶಾಕ್ ತಟ್ಟದೆಂಬುದನ್ನು ಅರಿತು ದಂತದಿಂದಲೇ ತಂತಿ ಕೀಳುತ್ತದೆ. ಬೇಲಿಯ ಮೇಲೆ ಮರ ಕೆಡವುತ್ತದೆ. ತಂತಿ ಹರಿಯದಿದ್ದರೂ ಗಿಡಬಳ್ಳಿ ಬೆಳೆದು ತಾಗಿದರೆ ಮಿಡಿತ ಅಲ್ಲಿಯೇ ನೆಲಕ್ಕೆ ಸೋರಿಹೋಗುತ್ತದೆ. ಆಗ ಬೇಲಿ ನಿಂತಿರುತ್ತದೆ, ಆದರೆ ಜೀವವಿರುವುದಿಲ್ಲ. ಆದ್ದರಿಂದ ಕಾಕಾ ಮೊದಲು ಯಂತ್ರವನ್ನು ನಿಲ್ಲಿಸಿ, ಒರಗಿದ ಮರವನ್ನು ಕಡಿಸಿ, ಬೇಲಿಯುದ್ದಕ್ಕೂ ಬಳ್ಳಿ ಸವರಿಸಿದರು. ಕಡಿದ ತುದಿಗಳನ್ನು ಕೊಕ್ಕೆಯಂತೆ ಬಾಗಿಸಿ ಒಂದರೊಳಗೊಂದು ತೊಡಿಸಿ, ಬಾಲಗಳನ್ನು ಬಿಗಿಯಾಗಿ ನುಲಿದರು. ನಮ್ಮ ತಮ್ಮನ ಮಗ ಚೀಲದಲ್ಲಿದ್ದ ತಾಮ್ರದ ತಂತಿಯನ್ನು ಕೊಡಹೋದಾಗ ಬೇಡವೆಂದರು. ಸತುವಿನ ಲೇಪವಿರುವ ಕಬ್ಬಿಣದ ತಂತಿಗೆ ತಾಮ್ರ ಸೇರಿದರೆ, ಮಳೆಯಲ್ಲಿ ನೆನೆದಾಗ ಆ ಲೇಪವನ್ನು ತಿಂದು ಹಾಕುತ್ತದೆಯಂತೆ. ಯಂತ್ರದಿಂದ ಬೇಲಿಗೆ ಮನೆಯ ವೈರಿಂಗಿನ ತಂತಿ ಎಳೆದಿದ್ದರು. ಅದನ್ನೂ ತೆಗೆಸಿದರು. ಮನೆಯ ತಂತಿಯ ಹೊದಿಕೆ ತಾಳುವುದು ಸಾವಿರ ವೋಲ್ಟಿನ ಆಸುಪಾಸು. ಬೇಲಿಯ ಮಿಡಿತ ಅದನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಕಡೆಗೆ ಅರ್ಥಿಂಗ್ ಸಲಾಕೆಗಳ ಬುಡಕ್ಕೆ ಎರಡು ಕೊಡ ನೀರು ಹಾಕಿಸಿದರು. ಒಣನೆಲದ ಮೂಲಕ ಮಿಡಿತ ಯಂತ್ರಕ್ಕೆ ಮರಳದಿದ್ದರೆ ಎಷ್ಟು ಒಳ್ಳೆಯ ತಂತಿಯಿದ್ದರೂ ಆನೆಗೆ ಶಾಕ್ ತಟ್ಟದು.

ಹಿಮದ ನಾಡಿನಲ್ಲಿಯೂ ಅದೇ ನಿಯಮ

ಸಂಜೆ ಜಗುಲಿಯಲ್ಲಿ ಕುಳಿತಾಗ ನಮ್ಮ ತಮ್ಮನ ಮಗ ಒಂದು ವಿಚಿತ್ರ ಸಂಗತಿ ಹೇಳಿದನು. "ದೊಡ್ಡಪ್ಪ, ನಮ್ಮಲ್ಲಿಯೂ ಚಳಿಗಾಲದಲ್ಲಿ ಅಕ್ಕಪಕ್ಕದವರು ಇದೇ ಕೆಲಸ ಮಾಡುತ್ತಾರೆ" ಎಂದನು. ಮಿನ್ನೆಸೋಟ ಹತ್ತು ಸಾವಿರ ಕೆರೆಗಳ ನಾಡೆಂದು ಹೆಸರಾದುದು. ಚಳಿಗಾಲದಲ್ಲಿ ಕೆರೆಗಳ ಮೇಲ್ಭಾಗ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಕನಿಷ್ಠ 4 ಅಂಗುಲ ದಪ್ಪದ ಗಟ್ಟಿ ಹಿಮವಿದ್ದರೆ ಮಾತ್ರ ಮನುಷ್ಯರು ಅದರ ಮೇಲೆ ನಡೆಯಬಹುದೆಂದು ಅಲ್ಲಿಯ ಸರ್ಕಾರ ಹೇಳುತ್ತದೆ. ಜನರು ಹಿಮದಲ್ಲಿ ಬೈರಿಗೆಯಿಂದ ರಂಧ್ರ ಕೊರೆದು, ಗುಡಾರ ಹಾಕಿಕೊಂಡು ಮೀನು ಹಿಡಿಯುವರಂತೆ. ಮೀನು ಎಲ್ಲಿದೆಯೆಂದು ತಿಳಿಯಲು, ಶಬ್ದದ ಅಲೆಗಳನ್ನು ನೀರಿಗೆ ಬಿಟ್ಟು ಅದರ ಪ್ರತಿಧ್ವನಿಯನ್ನು ಪರದೆಯ ಮೇಲೆ ತೋರಿಸುವ ಉಪಕರಣವೊಂದನ್ನು ಇಟ್ಟುಕೊಂಡಿರುತ್ತಾರೆ. ಮೀನು ನಮ್ಮ ಮನೆಗಳಿಗೆ ಸಂಬಂಧಿಸಿದ ವಿಷಯವಲ್ಲ. ಆದರೆ ಆ ಉಪಕರಣದ ತಂತಿಗಳ ಪಾಡು ಮಾತ್ರ ನಮಗೆ ಪರಿಚಿತವೆನಿಸಿತು.

ಕಡುಚಳಿಗೆ ತಂತಿಯ ಹೊದಿಕೆ ಬೆಂಡಾಗಿ, ಮಡಿಸಿದಲ್ಲಿ ಬಿರಿಯುತ್ತದೆ. ಬೈರಿಗೆಯ ಅಲಗು ತಾಗಿ ಕತ್ತರಿಸಿಹೋಗುತ್ತದೆ. ಬೇಸಿಗೆಯಲ್ಲಿ ಕೊಟ್ಟಿಗೆಯಲ್ಲಿಟ್ಟರೆ ಇಲಿ ಕಡಿಯುತ್ತದೆ. ಹೆಚ್ಚಾಗಿ ಕಡಿಯುವುದು ತಂತಿ ಪ್ಲಗ್ಗಿನೊಳಗೆ ಹೋಗುವ ಜಾಗದಲ್ಲಿ, ಏಕೆಂದರೆ ಎಳೆಯುವಾಗಲೂ ಬಾಗಿಸುವಾಗಲೂ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ. ಅವರು ಮೊದಲು ಬ್ಯಾಟರಿಯನ್ನು ಕಳಚುವರು, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುವರು, ಬೆಸೆದ ಮೇಲೆ ಒಳಗೆ ಅಂಟಿರುವ ಕುಗ್ಗುಕೊಳವೆಯನ್ನು ತೊಡಿಸಿ ಬಿಸಿಗಾಳಿಯಿಂದ ಬಿಗಿಮಾಡುವರು. ಬ್ಯಾಟರಿಯ ಎರಡೆಳೆಯ ತಂತಿಯನ್ನು ಹೀಗೆ ಯಾರಾದರೂ ಸರಿಮಾಡಬಹುದು. ಆದರೆ ನೀರಿಗಿಳಿಯುವ ಭಾಗದ ತಂತಿ ಬೇರೆ ಬಗೆಯದು. ಅದರ ಸಂಕೇತ ಬಲು ಸೂಕ್ಷ್ಮ. ಎಳೆಯ ಸುತ್ತ ಹೆಣೆದ ಲೋಹದ ಬಲೆ ಕಡಿದರೆ ಸಂಕೇತದಲ್ಲಿ ಗದ್ದಲ ಸೇರುತ್ತದೆ. ಅದನ್ನು ಬೆಸೆಯದೆ ಹೊಸದನ್ನೇ ಹಾಕಿಸುವುದು ಲೇಸೆಂದು ಬಲ್ಲವರು ಹೇಳುವರಂತೆ.

ಕಾಕಾ ಇದನ್ನೆಲ್ಲ ಕೇಳಿ ನಕ್ಕು, "ಅಲ್ಲಿ ಹಿಮ, ಇಲ್ಲಿ ಆನೆ. ತಂತಿಗೆ ಎಲ್ಲಿಯೂ ಸುಖವಿಲ್ಲ" ಎಂದರು. ತಮಗೆ ಆಗುವುದು ಯಾವುದು, ಆಗದಿರುವುದು ಯಾವುದು ಎಂದು ತಿಳಿದಿರುವುದೇ ಈ ಕೆಲಸದ ಅರ್ಧ ವಿದ್ಯೆ ಎಂದೂ ಸೇರಿಸಿದರು.

ನುಲಿಯ ಕಾಯಕ

ಅಂದು ರಾತ್ರಿ ಲಿಂಗಪೂಜೆಗೆ ಕುಳಿತಾಗ ನಮಗೆ ನುಲಿಯ ಚಂದಯ್ಯನವರ ನೆನಪಾಯಿತು. ಹುಲ್ಲು ಕೊಯ್ದು ತಂದು, ಹಗ್ಗ ನುಲಿದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸಿದ ಶರಣರು ಅವರು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ಬಿಡದ ಅವರ ನಿಷ್ಠೆಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಹಗ್ಗದ ಒಂದು ಎಳೆ ಸುಳ್ಳಾದರೆ ಬಾವಿಗಿಳಿದವನ ಪ್ರಾಣ ಹೋದೀತು. ತಂತಿಯ ಒಂದು ಎಳೆ ಸುಳ್ಳಾದರೂ ಅಷ್ಟೇ. ನುಲಿಯುವವನ ಕೈ ಶುದ್ಧವಾಗಿದೆಯೇ ಎಂಬುದನ್ನು ಕೊಂಡವನು ನೋಡಲಾರ. ಅವನು ನಂಬಿ ಕೆಳಗಿಳಿಯುತ್ತಾನೆ. ಕಾಣದ ಕಡೆಯಲ್ಲಿಯೂ ಸರಿಯಾಗಿ ಮಾಡುವುದೇ ಕಾಯಕ ಎಂದು ಶರಣರು ಬಾಳಿ ತೋರಿಸಿದರು. ಅನ್ಯಮತದ ಆ ಹಿರಿಯರಲ್ಲಿ ಅಂದು ನಾವು ಅದನ್ನು ಕಣ್ಣಾರೆ ಕಂಡೆವು.

ಗೃಹಸ್ಥರಿಗೆ ನಾಲ್ಕು ಮಾತು

ತೋಟ ಹೊಲಗಳಿರುವ ನಮ್ಮ ಬಂಧುಗಳಿಗೆ ಕೆಲವು ಎಚ್ಚರದ ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಕಂಬದ ಲೈನು ಕಡಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಕೋಲಿನಿಂದಲೂ ಸರಿಸಬೇಡಿ. ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿ, 1912 ಸಂಖ್ಯೆಗೆ ಕರೆಮಾಡಿ ವಿದ್ಯುತ್ ಕಚೇರಿಗೆ ತಿಳಿಸಿ. ಅದು ನಮ್ಮ ನಿಮ್ಮ ಕೆಲಸವಲ್ಲ. ಪಂಪಿನ ಕೇಬಲಿನ ಬೆಸುಗೆಯನ್ನೂ ಬಲ್ಲವರಿಂದಲೇ ಮಾಡಿಸಿರಿ. ಕರೆಂಟ್ ಸೋರಿದ ಕ್ಷಣವೇ ಲೈನನ್ನು ಕಡಿಯುವ ಸುರಕ್ಷಾ ಸ್ವಿಚ್ಚನ್ನು ಮನೆಗೂ ಪಂಪಿಗೂ ಹಾಕಿಸಿರಿ.

ಕೊಡಗಿನವರಿಗೆ ಇನ್ನೊಂದು ಮಾತು. ಕಾಳುಮೆಣಸು ಕೊಯ್ಯಲೂ ಮರಕಪಾತಿಗೂ ಬಳಸುವ ಅಲ್ಯುಮಿನಿಯಂ ಏಣಿ ಹಗುರವೆಂದು ಎಲ್ಲರಿಗೂ ಪ್ರಿಯ. ಅದನ್ನು ನೆಟ್ಟಗೆ ಹೊತ್ತು ಸಾಗಿಸುವಾಗ ಮೇಲಿನ ಲೈನಿಗೆ ತಗುಲಿ ಸತ್ತ ಕಾರ್ಮಿಕರು ಅನೇಕರು. ಫೈಬರಿನ ಏಣಿ ತುಸು ದುಬಾರಿ. ಆದರೆ ಕೂಲಿಗೆ ಬಂದವನ ಪ್ರಾಣಕ್ಕೆ ಹೋಲಿಸಿದರೆ ಅದು ಅಗ್ಗವೇ. ನಮ್ಮ ತೋಟದಲ್ಲಿ ದುಡಿಯುವವನ ರಕ್ಷಣೆಯೂ ದಾಸೋಹದ ಒಂದು ಭಾಗವೆಂದು ನಾವು ತಿಳಿಯಬೇಕು.

ಮೂರನೆಯ ದಿನ ನಾವು ಹೊರಡುವಾಗ ಕೆರೆಯ ಕಡೆಯಿಂದ ಪಂಪಿನ ಸದ್ದು ಕೇಳುತ್ತಿತ್ತು. ಲೈನ್ ಮನೆಯ ಮಕ್ಕಳು ಚೀಲ ಹೊತ್ತು ಅದೇ ಕಾಲುದಾರಿಯಲ್ಲಿ ಹೋಗುತ್ತಿದ್ದರು. ಅಳಿಯಂದಿರು ಕೆಂಪು ಬಟ್ಟೆ ಕಟ್ಟಿದ ಕೋಲಿನ ಬಳಿ ನಿಂತು, ಅವರು ದಾಟಿ ಹೋಗುವವರೆಗೂ ನೋಡುತ್ತಿದ್ದರು. ಆ ಕೇಬಲನ್ನು ದಾರಿಯಿಂದಲೇ ಆಚೆಗೆ ಸಾಗಿಸಿ, ಪೈಪಿನೊಳಗೆ ಹಾಕಿಸುವೆನೆಂದು ನಮಗೆ ಮಾತು ಕೊಟ್ಟರು.

ಊರಿಗೆ ಬಂದು ನಾವು ಮಾಡಿದ ಮೊದಲ ಕೆಲಸವನ್ನೂ ಮುಚ್ಚಿಡದೆ ಹೇಳಬೇಕು. ನಮ್ಮ ಪೂಜೆಯ ಕೋಣೆಯ ದೀಪದ ತಂತಿಗೆ ನಾವೇ ಹಾಕಿದ್ದ ಹಳೆಯ ತೇಪೆಯೊಂದು ಬೀರುವಿನ ಹಿಂದೆ ಹಲವು ವರ್ಷಗಳಿಂದ ಅಡಗಿತ್ತು. ಬಿಚ್ಚಿ ನೋಡಿದಾಗ ಟೇಪು ಅಂಟು ಬಿಟ್ಟು ಸಡಿಲವಾಗಿ, ಒಳಗಿನ ತಾಮ್ರ ಕಾಣುತ್ತಿತ್ತು. ಮಿಸ್ತ್ರಿಯನ್ನು ಕರೆಸಿ ಹೊಸ ತಂತಿಯನ್ನೇ ಹಾಕಿಸಿದೆವು.

ಒಂಬತ್ತನೆಯ ದಿನ ಸಿದ್ದಾಪುರದಿಂದ ಫೋನು ಬಂದಿತು. "ಮಾವ, ಮೇಲಿನ ಅರ್ಧ ತೋಟವೂ ಹೂವಾಯಿತು. ಮನೆ ತುಂಬ ಮಲ್ಲಿಗೆಯ ಹಾಗೆ ವಾಸನೆ" ಎಂದಳು ನಮ್ಮ ಅಕ್ಕನ ಮಗಳು. ಬಾಗಿಲ ಬಳಿ ನಿಂತು ಅವಳು ಆ ಬಿಳಿಯ ಸಾಲುಗಳನ್ನು ನೋಡುತ್ತಿರುವುದನ್ನು ನಾವು ಇಲ್ಲಿಂದಲೇ ಕಂಡಂತಾಯಿತು.